ಇಲ್ಲದ ನಾಯಿಗೆ ಹತ್ತಕ್ಕೆ ಹತ್ತು

ವರ್ಷದಲ್ಲಿ ಒಂದು ದಿನ ಮೇಷ್ಟ್ರು ಮನೆಯಲ್ಲಿ ಯಾರೊಂದಿಗೂ ಮಾತಾಡುತ್ತಿರಲಿಲ್ಲ. ಅದು ಸಿನಿಮಾ ಬಹುಮಾನಗಳು ಪ್ರಕಟವಾದ ಮಾರನೆಯ ದಿನ. (ಉಳಿದ ಮುನ್ನೂರ ಅರವತ್ತನಾಲ್ಕು ದಿನವೂ ಅದೇ ಬಹುಮಾನಗಳ ಬಗ್ಗೆ ಮಾತಾಡುತ್ತಿದ್ದುದರಿಂದ ಮನೆಮಂದಿ ಆ ಒಂದು ದಿನದ ದಾರಿಯನ್ನೇ ಕಾಯುತ್ತಿದ್ದರು.)

ಮೇಷ್ಟ್ರು ಎಂದರೆ ಶಾಲೆಯ ಮೇಷ್ಟ್ರಲ್ಲ. ಸ್ಟುಡಿಯೋದವರು ಅವರಿಗಿಟ್ಟ ಹೆಸರು ರಾಕ್ಷಸ ಮೇಷ್ಟ್ರು. ಆಸಾಮಿ ಪರಮ ಸಾಧು. ಜಿರಳೆ ಕಂಡರೆ ಕುರ್ಚಿ ಹತ್ತುವ ಜಾತಿ. ಆದರೆ ಇಪ್ಪತ್ತಾರು ವರ್ಷಗಳಿಂದ ಮಾಯಾಲೋಕದ ಸಿನಿಮಾಗಳಿಗೆ ಬೇಕಾದ ರಾಕ್ಷಸರು, ರೆಕ್ಕೆಯ ಕುದುರೆಗಳು, ಆಕಳಿಸುವ ಮರಗಳು, ಮೂರು ತಲೆಯ ಮೊಸಳೆಗಳು, ಎಲ್ಲವೂ ಅವರ ಕಾರ್ಖಾನೆಯಲ್ಲೇ ಫೋಮು, ರಬ್ಬರು, ತಂತಿಗಳ ಗರ್ಭದಿಂದ ಹುಟ್ಟಿದ್ದವು. ಅವರ ದುಃಖ ಒಂದೇ: ಇಷ್ಟು ವರ್ಷದಲ್ಲಿ ಒಂದೇ ಒಂದು ಮಾಯಾಚಿತ್ರಕ್ಕೂ ‘ವರ್ಷದ ಶ್ರೇಷ್ಠ ಚಿತ್ರ’ ಎಂಬ ದೊಡ್ಡ ಬಹುಮಾನ ಬಂದಿರಲಿಲ್ಲ.

"ಒಬ್ಬಳು ಈರುಳ್ಳಿ ಹೆಚ್ಚುತ್ತಾಳೆ," ಎಂದು ಅವರು ಚಹಾ ಲೋಟ ಹಿಡಿದು ಶುರು ಮಾಡುತ್ತಿದ್ದರು. "ಹತ್ತು ನಿಮಿಷ ಹೆಚ್ಚುತ್ತಾಳೆ. ಕಣ್ಣಲ್ಲಿ ನೀರು ಬರುತ್ತೆ. ತಗೋ, ಶ್ರೇಷ್ಠ ಚಿತ್ರ! ನಾನು ಮೂರು ತಲೆ ಮೊಸಳೇನ ಅಳಿಸಿದೆನಲ್ಲೇ! ಆರು ಕಣ್ಣು, ಆರರಲ್ಲೂ ನೀರು. ಏನು ಕೊಟ್ರು?"

"ಮೊಸಳೆ ಕಣ್ಣೀರು ಅಂದ್ಕೊಂಡಿರ್ತಾರೆ ಬಿಡಿ," ಎನ್ನುತ್ತಿದ್ದರು ಹೆಂಡತಿ, ಸೂಜಿಗೆ ದಾರ ಪೋಣಿಸುತ್ತ.

"ತಾಂತ್ರಿಕ ಬಹುಮಾನ ಕೊಟ್ರು! ಅಳು ಬಂದ್ರೆ ಕಲೆ, ಬೆರಗಾಗಿ ಬಾಯಿ ಬಿಟ್ರೆ ಮಕ್ಕಳಾಟ. ಇದೇನಾ ನ್ಯಾಯ?"

ಈ ತಾಂತ್ರಿಕ ಬಹುಮಾನದ ಬಗ್ಗೆ ಒಂದು ಮಾತು ಹೇಳಬೇಕು. ಸಭಿಕರು ಇನ್ನೂ ಕುರ್ಚಿ ಹುಡುಕುತ್ತಿರುವಾಗ, ಮೈಕು ಸರಿಯಿದೆಯೋ ಇಲ್ಲವೋ ನೋಡಲೆಂದೇ ಕೊಡುವ ಬಹುಮಾನ ಅದು. ಮೇಷ್ಟ್ರ ಮನೆಯ ಕಪಾಟಿನಲ್ಲಿ ಅಂಥವು ಒಂಬತ್ತು ಇದ್ದವು. ಒಂದರ ಮೇಲಂತೂ ಅವರ ಹೆಸರಿನ ಬದಲು ಹಿಂದಿನ ವರ್ಷದವನ ಹೆಸರಿತ್ತು.

ಇನ್ನು ಹೆಂಡತಿಯ ಕೈಯಲ್ಲಿದ್ದ ಸೂಜಿಯ ವಿಷಯ. ಮೇಷ್ಟ್ರ ಪ್ರಾಣಿಗಳಿಗೆ ಎಲುಬು ಕೊಡುತ್ತಿದ್ದವರು ಮೇಷ್ಟ್ರು. ಚರ್ಮ, ಕೂದಲು, ರೆಕ್ಕೆ, ಗಡ್ಡಗಳನ್ನೆಲ್ಲ ಊಟದ ಮೇಜಿನ ಮೇಲೆ ಹರಡಿಕೊಂಡು ಹೊಲಿಯುತ್ತಿದ್ದವರು ಆಕೆ. ಇಪ್ಪತ್ತೆರಡು ವರ್ಷಗಳಿಂದ ಆ ಮನೆಯವರು ಊಟ ಮಾಡುತ್ತಿದ್ದುದು ಯಾವುದಾದರೊಂದು ರಾಕ್ಷಸನ ತೊಗಲನ್ನು ಪಕ್ಕಕ್ಕೆ ಸರಿಸಿಯೇ. ಇದನ್ನು ಮೇಷ್ಟ್ರು ‘ಸ್ವಲ್ಪ ಹೊಲಿಗೆ ಸಹಾಯ’ ಎಂದು ಕರೆಯುತ್ತಿದ್ದರು.

ಹಿಂದಿನ ವರ್ಷ ಚಳಿಗಾಲದಲ್ಲಿ ದಪ್ಪ ಕನ್ನಡಕದ ಒಬ್ಬ ಹುಡುಗಿ ಮನೆಗೆ ಬಂದಿದ್ದಳು. ಅವಳು ಸಿನಿಮಾ ನಿರ್ದೇಶಕಿ, ಮೊದಲ ಸಿನಿಮಾ. ಅದರಲ್ಲೊಂದು ನಾಯಿ ಸಾಯಬೇಕು. ತರಬೇತಿ ಕೊಟ್ಟ ನಾಯಿಯನ್ನೇ ತಂದಿದ್ದಾರೆ, ಆದರೆ ಅದು ಸಾಯಲು ಒಪ್ಪುತ್ತಿಲ್ಲ. ಮಲಗಿಸಿದರೆ ಬಾಲ ಅಲ್ಲಾಡಿಸುತ್ತದೆ, ‘ಕಟ್’ ಎಂದರೆ ಬಿಸ್ಕತ್ತಿಗಾಗಿ ನೆಗೆಯುತ್ತದೆ. ಮೇಷ್ಟ್ರು ಒಂದು ನಾಯಿ ಮಾಡಿಕೊಡಬಹುದೇ?

"ನಾಯಿಯಾ?" ಎಂದರು ಮೇಷ್ಟ್ರು, ಯಾರೋ ಅರಮನೆ ಅಡುಗೆಯವನಿಗೆ ನೀರು ಕಾಯಿಸು ಎಂದಂತೆ. "ನೋಡಮ್ಮ, ನಾನು ಇಲ್ಲದ ಪ್ರಾಣಿ ಮಾಡೋನು. ಇರೋ ಪ್ರಾಣಿಗೆ ನಾನ್ಯಾಕೆ? ಬೀದೀಲಿ ಹುಡುಕು, ಸಿಗುತ್ತೆ." ಹಾಗೆಂದು ಕಾರ್ಖಾನೆಗೆ ನಡೆದರು. ಹೆಂಡತಿ ಆ ಹುಡುಗಿಯನ್ನು ಗೇಟಿನವರೆಗೆ ಕಳಿಸಿಬರಲು ಹೋದವರು ಅರ್ಧ ಗಂಟೆ ಅಲ್ಲೇ ನಿಂತು ಮಾತಾಡಿದರು.

ಆ ಚಳಿಗಾಲದಲ್ಲಿ ಮನೆಯಿಂದ ಎರಡು ವಸ್ತುಗಳು ಕಾಣೆಯಾದವು. ಒಂದು, ಮೇಷ್ಟ್ರ ಕಂದು ಬಣ್ಣದ ಉಣ್ಣೆ ಕೋಟು. ಇನ್ನೊಂದು, ಅವರ ಅತ್ತೆಯ ಬಿಪಿ ನೋಡುವ ಯಂತ್ರದ ರಬ್ಬರ್ ಉಂಡೆ. ಅತ್ತೆ ಎಂದರೆ ಹೆಂಡತಿಯ ತಾಯಿ. ಇವರ ಜೊತೆಗೇ ಇದ್ದರು. ಉಂಡೆಯನ್ನು ಅಳಿಯನೇ ಯಾವುದೋ ರಾಕ್ಷಸನ ಹೊಟ್ಟೆಗೆ ಹಾಕಿದ್ದಾನೆಂದು ಆಕೆಯ ಖಚಿತ ಅಭಿಪ್ರಾಯ.

"ಅಳಿಯಂದ್ರೇ, ನನ್ನ ಬಿಪಿ ಎಷ್ಟಿದೆ ಅಂತ ಇನ್ಮೇಲೆ ಆ ರಾಕ್ಷಸನ್ನೇ ಕೇಳಬೇಕಾ?"

"ಅತ್ತೇ, ನನ್ನ ಕೋಟೇ ಹೋಗಿದೆ, ನಿಮ್ಮ ಉಂಡೆ ತಗೊಂಡು ನಾನೇನು ಮಾಡ್ಲಿ?"

ಊಟದ ಮೇಜಿನ ಮೇಲೆ ಆಗ ಕಂದು ಬಣ್ಣದ ಏನೋ ಒಂದು ಬಿದ್ದುಕೊಂಡಿತ್ತು. ಮೇಷ್ಟ್ರು ತಟ್ಟೆಯನ್ನು ಅದರ ಪಕ್ಕದಲ್ಲಿಟ್ಟುಕೊಂಡು, "ಏನೇ ಅದು?" ಎಂದು ಕೇಳಿದರು.

"ನಾಯಿ," ಎಂದರು ಹೆಂಡತಿ.

"ಹೂಂ," ಎಂದ ಮೇಷ್ಟ್ರು, "ನೋಡು, ಹೋದ ವರ್ಷ ಆ ರೆಕ್ಕೆ ಕುದುರೆಗೆ ಏನಾಯ್ತು ಗೊತ್ತಾ..." ಎಂದು ಹಳೆಯ ಪುರಾಣ ಬಿಚ್ಚಿದರು. (ನೀವು ಗಮನಿಸಿದಿರಿ. ಅವರು ಗಮನಿಸಲಿಲ್ಲ. ಹಿತ್ತಲ ಗಿಡ ಮದ್ದಲ್ಲ ಎಂದು ಸುಮ್ಮನೆ ಹೇಳುತ್ತಾರೆಯೇ?)

ಈ ವರ್ಷ ಮೇಷ್ಟ್ರ ಎದೆಯಲ್ಲಿ ಹೊಸ ಆಸೆ ಚಿಗುರಿತ್ತು. ಕಾರಣ ‘ಮೋಡಬಾಕ’. ಬೆಟ್ಟದ ತುದಿಯಲ್ಲಿ ನಿಂತು ಮೋಡ ಮೇಯುವ ಪ್ರಾಣಿಯ ಕಥೆ. ಊರಿನ ಮಳೆಯನ್ನೆಲ್ಲ ತಿಂದು ತೇಗುವ ಅದನ್ನು ಒಬ್ಬ ಮುದುಕಿ ಬೈದು ಬೈದೇ ಪಳಗಿಸುತ್ತಾಳೆ. ಹನ್ನೊಂದು ಅಡಿ ಕುತ್ತಿಗೆ; ಹೊಟ್ಟೆಯೊಳಗೆ ಏಳು ಜನ ಕೂತು ಕೈಕಾಲು ಆಡಿಸಬೇಕು. ಕಣ್ಣಿನ ರೆಪ್ಪೆ ಮಾತ್ರ ಮೇಷ್ಟ್ರೇ, ಸೈಕಲ್ ಬ್ರೇಕಿನ ತಂತಿ ಹಿಡಿದು ಸ್ವಹಸ್ತದಿಂದ ಎಳೆದಿದ್ದರು. ಥಿಯೇಟರಿನಲ್ಲಿ ದೊಡ್ಡವರೂ ಬಾಯಿ ಬಿಟ್ಟುಕೊಂಡು ನೋಡಿದ ಚಿತ್ರ. ಈ ಸಲವೂ ದೊಡ್ಡ ಬಹುಮಾನ ಬರದಿದ್ದರೆ ಕಾರ್ಖಾನೆಗೆ ಬೀಗ ಹಾಕಿ ಬಕೆಟ್ಟು ಮಾಡಿ ಮಾರುತ್ತೇನೆಂದು ಅವರು ಶಪಥ ಮಾಡಿದ್ದರು.

ಅಷ್ಟರಲ್ಲಿ ಲಕೋಟೆ ಬಂತು. ಬಹುಮಾನದ ತೀರ್ಪುಗಾರರ ಮಂಡಳಿಯ ಏಳು ಸದಸ್ಯರಲ್ಲಿ ಈ ವರ್ಷ ತಾವೂ ಒಬ್ಬರಾಗಿರಬೇಕೆಂದು ವಿನಂತಿ!

ಮೇಷ್ಟ್ರು ಕುಣಿಯುವುದೊಂದು ಬಾಕಿ. "ನೋಡಿದ್ಯೇನೇ? ಅತ್ತೆಗೊಂದು ಕಾಲ, ಸೊಸೆಗೊಂದು ಕಾಲ!"

"ಅತ್ತೆಗೇನಾಯ್ತು?" ಎಂದು ಒಳಕೋಣೆಯಿಂದ ಅತ್ತೆ ಕೇಳಿದರು.

ಒಪ್ಪಿಗೆಯ ಪತ್ರವನ್ನು ಅವತ್ತೇ ಅಂಚೆಗೆ ಹಾಕಿಯಾಯಿತು. ಜೊತೆಯಲ್ಲಿದ್ದ ನಿಯಮಗಳನ್ನು ಓದಿದ್ದು ಮಾರನೆಯ ದಿನ. ‘ತಮ್ಮ ಅಥವಾ ತಮ್ಮ ಮನೆಯವರ ಕೈಕೆಲಸವಿರುವ ಚಿತ್ರದ ಸರದಿ ಬಂದಾಗ ತೀರ್ಪುಗಾರರು ಎದ್ದು ಹೊರಹೋಗತಕ್ಕದ್ದು. ಆ ಚಿತ್ರಕ್ಕೆ ಅಂಕ ನೀಡತಕ್ಕದ್ದಲ್ಲ.’ ಮೇಷ್ಟ್ರು ಮೂರು ಸಲ ಓದಿದರು. ಮೋಡಬಾಕನನ್ನು ಹೊಗಳುವವರು ಜಗತ್ತಿನಲ್ಲಿ ಒಬ್ಬರಿದ್ದರೆ ಅವರೊಬ್ಬರೇ ಹೊರಗಿರಬೇಕು! ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ.

ಆದರೆ ಇಪ್ಪತ್ತಾರು ವರ್ಷ ತಂತಿ ಎಳೆದ ಬುದ್ಧಿ ಸುಮ್ಮನಿದ್ದೀತೇ? ಸಂಜೆಯ ಹೊತ್ತಿಗೆ ದಾರಿ ಹೊಳೆಯಿತು. "ಹೊಗಳೋಕೆ ಬಿಡದಿದ್ರೆ ಬೇಡ. ಬೇರೆಯವರನ್ನ ತೆಗಳೋಕೆ ಬಿಟ್ಟಿದ್ದಾರಲ್ಲ! ಉಳಿದದ್ದಕ್ಕೆಲ್ಲ ಹತ್ತಕ್ಕೆ ಎರಡೇ ಅಂಕ ಕೊಡ್ತೀನಿ."

"ಅದು ನ್ಯಾಯನಾ ರೀ?"

"ಇಷ್ಟು ವರ್ಷ ಅವರು ಮಾಡಿದ್ದು ನ್ಯಾಯನಾ?"

ಆಮೇಲೆ ಒಂದು ಫಾರಂ ತುಂಬುವುದಿತ್ತು. ತಮ್ಮ ಕೈಕೆಲಸವಿರುವ ಚಿತ್ರ: ಮೋಡಬಾಕ. ಮನೆಯ ಇತರ ಸದಸ್ಯರು ಮತ್ತು ಅವರ ಉದ್ಯೋಗ. ಮೇಷ್ಟ್ರು ಸರಸರನೆ ಬರೆದರು.

"ನನ್ನ ಕಾಲಂಗೆ ಏನು ಬರೆದ್ರಿ?" ಎಂದು ಹೆಂಡತಿ ಕೇಳಿದರು.

"ಗೃಹಿಣಿ ಅಂತ. ಇನ್ನೇನು ಬರೀಲಿ?"

ಆಕೆ ಸೂಜಿಯನ್ನು ಪಿನ್ನಿನ ದಿಂಬಿಗೆ ಚುಚ್ಚಿಟ್ಟು, ಎರಡು ಕ್ಷಣ ಫಾರಮ್ಮನ್ನೇ ನೋಡಿದರು. ಮನಸ್ಸಿಗೆ ನೋವಾಗಿತ್ತು. "ರೀ, ಅಲ್ಲೊಂದು ವಿಷಯ..." ಎಂದು ಬಾಯಿ ತೆರೆದರು.

ಮೇಷ್ಟ್ರು ಕೈಯೆತ್ತಿದರು. "ಬೇಡ! ಇವತ್ತಿನಿಂದ ಈ ಮನೆ ಮನೆಯಲ್ಲ, ನ್ಯಾಯಪೀಠ. ತೀರ್ಪು ಬರೋವರೆಗೂ ಸಿನಿಮಾ ಬಗ್ಗೆ ನನ್ನ ಹತ್ರ ಯಾರೂ ಒಂದು ಮಾತೂ ಆಡಕೂಡದು. ಪ್ರಭಾವ ಬೀರಿದ ಹಾಗಾಗುತ್ತೆ."

"ಸರಿ," ಎಂದರು ಹೆಂಡತಿ. ಆ ‘ಸರಿ’ ಎಷ್ಟು ತಣ್ಣಗಿತ್ತೆಂದರೆ ಬೇರೆ ಯಾವ ಗಂಡನಾದರೂ ಎದ್ದು ಕಿಟಕಿ ಮುಚ್ಚುತ್ತಿದ್ದ.

ನೋಡಬೇಕಾದ ಐದು ಸಿನಿಮಾಗಳು ಮನೆಗೇ ಬಂದವು. ದಿನಕ್ಕೊಂದರಂತೆ ಮಧ್ಯಾಹ್ನ ಅತ್ತೆ, ಅಳಿಯ ಇಬ್ಬರೂ ಟಿವಿಯ ಮುಂದೆ ಕೂತರು. ಮೊದಲ ಮೂರಕ್ಕೆ ಎರಡೆರಡು ಅಂಕ ಹಾಕಲು ಮೇಷ್ಟ್ರಿಗೇನೂ ಕಷ್ಟವಾಗಲಿಲ್ಲ. ಅವು ಯೋಗ್ಯತೆಯಿಂದಲೇ ಅಷ್ಟು ಸಂಪಾದಿಸಿದವು. ನಾಲ್ಕನೆಯದು ಮೋಡಬಾಕ, ಅದನ್ನು ಹೆಮ್ಮೆಯಿಂದ ನೋಡಿದರು. ಐದನೆಯದರ ಹೆಸರು ‘ಕಿಟಕಿ’. ಹೆಸರು ಕೇಳಿಯೇ ಮೇಷ್ಟ್ರು ಪೆನ್ಸಿಲ್ ತೆಗೆದು ಮೊದಲೇ ಎರಡು ಎಂದು ಬರೆದಿಟ್ಟು, ಕಾಲು ಚಾಚಿ ಕೂತರು.

ಒಬ್ಬ ಮುದಿ ಗಡಿಯಾರ ರಿಪೇರಿಯವ, ಅವನದೊಂದು ಮುದಿ ನಾಯಿ. ಇಬ್ಬರೂ ಕಿಟಕಿಯಿಂದ ಹೊರಗೆ ನೋಡುತ್ತಾರೆ. ಅಷ್ಟೇ ಕಥೆ. ಮೇಷ್ಟ್ರು ಎರಡು ಸಲ ಆಕಳಿಸಿದರು. ನಾಯಿಯನ್ನು ಕಂಡಾಗ ಮಾತ್ರ ನೆಟ್ಟಗೆ ಕೂತು, "ಇದು ಆ ಕನ್ನಡಕದ ಹುಡುಗಿಯ ಸಿನಿಮಾ ಅಲ್ವೇ! ನಾನೇ ಹೇಳಿದ್ದೆ ಬೀದೀಲಿ ಹುಡುಕು ಅಂತ. ನೋಡು, ಸಿಕ್ಕಿದೆ!" ಎಂದು ಬೀಗಿದರು.

"ರೀ, ಅದು..." ಎಂದರು ಹೆಂಡತಿ ಬಾಗಿಲಲ್ಲಿ ನಿಂತು.

"ಶ್! ನ್ಯಾಯಪೀಠ!"

ಕೊನೆಯಲ್ಲಿ ನಾಯಿ ಗೋಣಿಯ ಮೇಲೆ ಮಲಗಿತು. ಅದರ ಹೊಟ್ಟೆ ಮೆಲ್ಲಗೆ ಏರಿತು, ಇಳಿಯಿತು. ಏರಿತು, ಇಳಿಯಿತು. ಮುದುಕ ಒಂದು ಗಡಿಯಾರವನ್ನು ಅದರ ಪಕ್ಕದಲ್ಲಿಟ್ಟ. ನಾಯಿಯ ಎಡಗಿವಿ ಒಮ್ಮೆ ನಿಮಿರಿತು. ಉಸಿರು ಇನ್ನೂ ನಿಧಾನವಾಯಿತು. ಕೊನೆಗೊಮ್ಮೆ ಹೊಟ್ಟೆ ಇಳಿದದ್ದು ಮತ್ತೆ ಏರಲಿಲ್ಲ.

ಅತ್ತೆ ಸೆರಗಿನಿಂದ ಕಣ್ಣೊತ್ತಿಕೊಂಡು ಪಕ್ಕಕ್ಕೆ ನೋಡಿದರೆ ಅಳಿಯ ಗೊಳೋ ಎಂದು ಅಳುತ್ತಿದ್ದಾನೆ! "ಏನೋ ಗೊತ್ತಿಲ್ಲ ಅತ್ತೇ," ಎಂದರು ಮೇಷ್ಟ್ರು ಬಿಕ್ಕುತ್ತ, "ಆ ನಾಯೀನ ನೋಡಿದ್ರೆ ನಮ್ಮದೇ ಅನ್ನಿಸುತ್ತೆ. ಆ ಬಣ್ಣ, ಆ ಕಿವಿ... ಪೂರ್ವಜನ್ಮದ ನಂಟು."

ಮುಖ ತೊಳೆಯಲು ಬಚ್ಚಲಿಗೆ ಓಡಿದರು. ತೆರೆಯ ಮೇಲೆ ಕೆಲಸಗಾರರ ಹೆಸರುಗಳು ಒಂದೊಂದಾಗಿ ಮೇಲೇರಿ ಹೋದವು. (ಸಿನಿಮಾ ಮುಗಿದ ಕೂಡಲೇ ಎದ್ದುಹೋಗುವವರನ್ನು ‘ಸಣ್ಣ ಅಕ್ಷರದಲ್ಲಿ ಬರೋರು ಮನುಷ್ಯರಲ್ವಾ?’ ಎಂದು ಥಿಯೇಟರಿನ ಬಾಗಿಲಲ್ಲೇ ತಡೆದು ಜಗಳವಾಡುತ್ತಿದ್ದವರು ಇದೇ ಮೇಷ್ಟ್ರು.)

ಅವತ್ತು ಸಂಜೆಯೆಲ್ಲ ಅವರು ಎದೆಯೊಳಗೆ ಕುಸ್ತಿಯಾಡಿದರು. ಎರಡೇ ಅಂಕ ಉಳಿಸಿದರೆ ಮೋಡಬಾಕನಿಗೆ ದಾರಿ ಸಲೀಸು. ಆದರೆ ಅತ್ತ ಕಣ್ಣಿಗೆ ಮೋಸ ಮಾಡುವುದು ಹೇಗೆ? ಕೊನೆಗೆ ಮನುಷ್ಯ ಒಳ್ಳೆಯವನೇ ನೋಡಿ. ಉಸ್ಸೆಂದು ರಬ್ಬರು ತೆಗೆದು ಎರಡನ್ನು ಅಳಿಸಿ ಹತ್ತು ಎಂದು ಬರೆದರು.

"ಎಷ್ಟು ಕೊಟ್ರಿ?" ಎಂದರು ಹೆಂಡತಿ.

"ಹೇಳೋ ಹಾಗಿಲ್ಲ."

"ನನಗೂ ಒಂದು ಹೇಳೋದಿತ್ತು."

"ಕೇಳೋ ಹಾಗಿಲ್ಲ."

ಮಂಡಳಿಯ ಸಭೆ ಸೇರಿತು. ಮೋಡಬಾಕನ ಸರದಿ ಬಂದಾಗ ಮೇಷ್ಟ್ರು ಎದ್ದು ಹೊರಗೆ ಬಂದು, ನೀರಿನ ಫಿಲ್ಟರಿನ ಪಕ್ಕದಲ್ಲಿದ್ದ ಒಂದೇ ಒಂದು ಕುರ್ಚಿಯಲ್ಲಿ ಕೂತರು. ಅದರ ಒಂದು ಕಾಲು ಕುಂಟು. ಮುಕ್ಕಾಲು ಗಂಟೆ ಅವರು ಅದರ ಮೇಲೆ ದೋಣಿಯಲ್ಲಿ ಕೂತವರಂತೆ ತೂಗಾಡಿದರು. ಒಳಗಿನಿಂದ ನಗು ಕೇಳಿಸಿತು, "ಅಬ್ಬಾ, ಆ ಕಣ್ಣು!" ಎಂಬ ಗಾಯಕಿಯೊಬ್ಬರ ದನಿಯೂ ಕೇಳಿಸಿತು. ಮೇಷ್ಟ್ರ ಎದೆ ಹಿಗ್ಗಿತು.

ಕಿಟಕಿಯ ಸರದಿಗೆ ಅವರನ್ನು ಒಳಗೆ ಕರೆದರು. ಪತ್ರಿಕೆಯ ವಿಮರ್ಶಕರು, "ಚೆನ್ನಾಗಿದೆ, ಆದರೆ ಹೊಸದೇನಿಲ್ಲ. ನಾನು ಆರು ಕೊಟ್ಟಿದ್ದೀನಿ," ಎಂದು ಹೇಳಿ ಮುಗಿಸುವ ಹೊತ್ತಿಗೆ ಮೇಷ್ಟ್ರು ಎದ್ದು ನಿಂತಿದ್ದರು.

"ಸ್ವಾಮೀ, ನಾನು ಪ್ರಾಣಿ ಮಾಡೋನು. ನನ್ನ ಪ್ರಾಣಿ ಒಂದು ಸಲ ರೆಪ್ಪೆ ಬಡಿಯೋಕೆ ಒಳಗೆ ಏಳು ಜನ, ಹೊರಗೆ ನಾನು, ಮೇಲೊಂದು ಬ್ರೇಕ್ ತಂತಿ. ಆದ್ರೆ ಆ ನಾಯಿ ಉಸಿರು ಬಿಟ್ಟಿದ್ದು ನೋಡಿದ್ರಾ? ಅದನ್ನ ಪ್ರಕೃತಿ ಮಾತ್ರ ಮಾಡೋಕೆ ಸಾಧ್ಯ. ಯಾವ ಕಸಬುದಾರನ ಕೈಗೂ ನಿಲುಕದ್ದು. ಇಷ್ಟು ವರ್ಷದ ಅನುಭವದ ಮೇಲೆ ಹೇಳ್ತಾ ಇದೀನಿ!"

ಎಲ್ಲರೂ ಮೇಷ್ಟ್ರತ್ತ ತಿರುಗಿದರು. ತನ್ನ ಚಿತ್ರಕ್ಕೆ ಎದುರಾಳಿಯಾದದ್ದನ್ನು ಹೀಗೆ ಹೊಗಳುವ ಧರ್ಮರಾಯನನ್ನು ಅವರು ಯಾರೂ ನೋಡಿರಲಿಲ್ಲ. ಬಿಳಿತಲೆಯ ಅಧ್ಯಕ್ಷರು ಆ ಮಾತುಗಳನ್ನು ಹಾಗೇ ಬರೆದುಕೊಂಡರು. ವಿಮರ್ಶಕರು ಆರನ್ನು ಹೊಡೆದು ಒಂಬತ್ತು ಮಾಡಿದರು. ಗಾಯಕಿಯೂ ರಬ್ಬರು ಕೇಳಿದರು. ಅಂಕಪಟ್ಟಿಗಳು ಲಕೋಟೆಯೊಳಗೆ ಹೋಗಿ ಅರಗು ಬಿತ್ತು.

ಸಮಾರಂಭದ ದಿನ ಬಂತು. ಸಭಾಂಗಣದ ಎಸಿ ಎಂದರೆ ಚಳಿಗೆ ಹಲ್ಲು ಕಟಕಟ ಎನ್ನಬೇಕು. ಮೇಷ್ಟ್ರು ಮತ್ತೊಮ್ಮೆ ಮನೆಯೆಲ್ಲ ಜಾಲಾಡಿದರು. "ನನ್ನ ಕೋಟು ಎಲ್ಲಿ ಹಾಳಾಗಿ ಹೋಯ್ತೇ?"

"ಹಾಳಾಗಿಲ್ಲ," ಎಂದರು ಹೆಂಡತಿ. ಆಕೆ ಒಳ್ಳೆಯ ಸೀರೆ ಉಟ್ಟಿದ್ದರು. ಕೈಯಲ್ಲಿ ತಮ್ಮ ಹೆಸರಿನದೇ ಆಹ್ವಾನ ಪತ್ರವಿತ್ತು. ತೀರ್ಪುಗಾರರ ಹೆಂಡತಿಗೆ ಸಂದ ಗೌರವ ಎಂದುಕೊಂಡು ಮೇಷ್ಟ್ರು ಬೀಗಿದರು.

ಜನ ಇನ್ನೂ ಕುರ್ಚಿ ಹುಡುಕುತ್ತಿರುವಾಗಲೇ ಮೋಡಬಾಕನಿಗೆ ತಾಂತ್ರಿಕ ಬಹುಮಾನ ಬಂತು. ಅದು ಹತ್ತನೆಯದು. ಮೇಷ್ಟ್ರು ವೇದಿಕೆ ಹತ್ತಿ ಇಳಿದದ್ದನ್ನು ಜೊತೆಗೆ ಬಂದಿದ್ದ ಹೆಂಡತಿ, ಅತ್ತೆ ಇಬ್ಬರನ್ನು ಬಿಟ್ಟು ಮತ್ತಾರೂ ನೋಡಲಿಲ್ಲ. ಪರವಾಗಿಲ್ಲ, ದೊಡ್ಡದು ಮುಂದಿದೆ, ಎಂದು ತೋಳು ಉಜ್ಜಿಕೊಳ್ಳುತ್ತ ಕೂತರು. ಎರಡು ಗಂಟೆಯ ಮೇಲೆ ಅಧ್ಯಕ್ಷರು ಕೊನೆಯ ಲಕೋಟೆ ಒಡೆದರು.

"ವರ್ಷದ ಶ್ರೇಷ್ಠ ಚಿತ್ರ: ಕಿಟಕಿ!"

ಅರ್ಧ ಎದ್ದಿದ್ದ ಮೇಷ್ಟ್ರು ಮತ್ತೆ ಕೂತರು. ಆದರೂ ಚಪ್ಪಾಳೆ ತಟ್ಟಿದರು. ಹೋಗಲಿ, ಸೋತರೂ ಪ್ರಕೃತಿಯ ಎದುರು ಸೋತೆ.

ಕನ್ನಡಕದ ಹುಡುಗಿ ವೇದಿಕೆಗೆ ಬಂದಳು. ತೋಳಿನಲ್ಲಿ ನಾಯಿ ಮಲಗಿತ್ತು. ಅದನ್ನು ಮೇಜಿನ ಮೇಲೆ ಮಲಗಿಸಿ ಮೈಕು ಹಿಡಿದಳು. "ಪ್ರಶಸ್ತಿ ಪತ್ರದಲ್ಲಿರೋ ತೀರ್ಪುಗಾರರ ಮಾತು ಓದ್ತೀನಿ. ‘ಅದನ್ನ ಪ್ರಕೃತಿ ಮಾತ್ರ ಮಾಡೋಕೆ ಸಾಧ್ಯ. ಯಾವ ಕಸಬುದಾರನ ಕೈಗೂ ನಿಲುಕದ್ದು.’ ನಮ್ಮ ಚಿತ್ರದಲ್ಲಿ ಓಡಾಡೋದು ನಿಜವಾದ ನಾಯಿ. ಆದರೆ ಸಾಯೋದು ಇದು." ನಾಯಿಯ ಹೊಟ್ಟೆಯಡಿಯಿಂದ ಒಂದು ಕೊಳವೆ ಎಳೆದು, ಅದರ ತುದಿಯಲ್ಲಿದ್ದ ರಬ್ಬರ್ ಉಂಡೆಯನ್ನು ಅದುಮಿದಳು. ನಾಯಿ ಉಸಿರಾಡಿತು.

ಇಡೀ ಸಭಾಂಗಣ ಬಾಯಿ ಬಿಟ್ಟಿತು. ಅದರ ನಡುವೆ ಅತ್ತೆಯ ದನಿ ಖಣೀರೆಂದು ಕೇಳಿಸಿತು: "ಅಯ್ಯೋ, ನನ್ನ ಬಿಪಿ ಮಿಷನ್ನಿಂದು!"

ಮೇಷ್ಟ್ರು ಆ ಮಾತು ಕೇಳಿಸಿಕೊಳ್ಳುವ ಸ್ಥಿತಿಯಲ್ಲಿರಲಿಲ್ಲ. ಅವರ ದೃಷ್ಟಿ ನಾಯಿಯ ಎಡಗಿವಿಯಲ್ಲಿ ನೆಟ್ಟಿತ್ತು. ಅಲ್ಲೊಂದು ಶಾಯಿಯ ಕಲೆ. ಆರು ವರ್ಷದ ಹಿಂದೆ ಪೆನ್ನು ಸೋರಿ ಕೋಟಿನ ಜೇಬಿನ ಮೇಲಾದ ಕಲೆ ಅದು.

"ಇದನ್ನ ಮಾಡಿದ ಅಮ್ಮ ಇಲ್ಲೇ ಕೂತಿದ್ದಾರೆ, ವೇದಿಕೆಗೆ ಬರಬೇಕು," ಎಂದಳು ಹುಡುಗಿ. ಮೇಷ್ಟ್ರ ಪಕ್ಕದ ಕುರ್ಚಿ ಖಾಲಿಯಾಯಿತು. ಜನ ಎದ್ದು ನಿಂತು ಚಪ್ಪಾಳೆ ತಟ್ಟಿದರು. ಹೆಂಡತಿ ವೇದಿಕೆಯ ಮೇಲೆ, ಕೋಟೂ ವೇದಿಕೆಯ ಮೇಲೆ. ಮೇಷ್ಟ್ರೊಬ್ಬರೇ ಕೆಳಗೆ ಚಳಿಯಲ್ಲಿ ನಡುಗುತ್ತಿದ್ದರು. ಊರಿಗೆಲ್ಲ ಶಕುನ ಹೇಳುವ ಹಲ್ಲಿ ತಾನೇ ಹೋಗಿ ಕಲಗಚ್ಚಿನಲ್ಲಿ ಬಿದ್ದಿತ್ತು.

ಹೊರಗೆ ಅಧ್ಯಕ್ಷರು ಸಿಕ್ಕರು. ಅವರಿಗೆ ಸಿಟ್ಟಿಗಿಂತ ಅಯ್ಯೋ ಪಾಪ ಎನ್ನಿಸಿತ್ತು. "ಮೇಷ್ಟ್ರೇ, ಫಾರಮ್ಮಲ್ಲಿ ಗೃಹಿಣಿ ಅಂತ ಬರೆದಿದ್ರಲ್ಲ! ಕಿಟಕಿ ಸರದೀಲೂ ನೀವು ಹೊರಗೆ ಹೋಗಬೇಕಿತ್ತು. ಹೋಗಿದ್ರೆ ನಿಮ್ಮ ಭಾಷಣ ಇರ್ತಿರಲಿಲ್ಲ. ನಿಮ್ಮ ಮೋಡಬಾಕ ಸೋತದ್ದು ಸರಾಸರಿಯಲ್ಲಿ ಬರೀ ಕಾಲು ಅಂಕದಿಂದ."

"ಅವರಿಗೆ ಅದು ಗೊತ್ತಿರಲಿಲ್ಲ ಸರ್," ಎಂದರು ಹೆಂಡತಿ. ಇಪ್ಪತ್ತೆರಡು ವರ್ಷ ಒಂದೇ ಮೇಜಿನಲ್ಲಿ ಉಂಡವರ ಬಗ್ಗೆ ಇದಕ್ಕಿಂತ ದೊಡ್ಡ ದೂರು ಬೇಕಿರಲಿಲ್ಲ.

ಮನೆಗೆ ಬಂದ ಮೇಲೆ ಮೇಷ್ಟ್ರು ಹತ್ತನೆಯ ತಾಂತ್ರಿಕ ಬಹುಮಾನವನ್ನು ಕಪಾಟಿಗೆ ಸೇರಿಸಿದರು. ಆಮೇಲೆ, "ನೀನು ಹೇಳಬಾರದಿತ್ತೇನೇ?" ಎಂದರು.

"ಮೂರು ಸಲ ಬಾಯಿ ತೆಗೆದೆ. ಮೂರು ಸಲವೂ ನ್ಯಾಯಪೀಠ ಮುಚ್ಚಿಸ್ತು." ಹುಡುಗಿ ತಮ್ಮ ಕೈಗೇ ಕೊಟ್ಟು ಕಳಿಸಿದ್ದ ದೊಡ್ಡ ಬಹುಮಾನವನ್ನು ಆಕೆ ಕಪಾಟಿನಲ್ಲಿ ಹತ್ತು ತಾಂತ್ರಿಕಗಳ ಮುಂದಿಟ್ಟರು. "ಬೇಜಾರು ಯಾಕೆ ರೀ? ಇಲ್ಲದ ಪ್ರಾಣಿಗೆ ದೊಡ್ಡ ಬಹುಮಾನ ಕೊಡಲ್ಲ ಅಂತ ತಾನೇ ನಿಮ್ಮ ದೂರು? ಕೊಟ್ರಲ್ಲ."

"ಕೊಟ್ರು," ಎಂದರು ಮೇಷ್ಟ್ರು. ನಾಚಿಕೆಯಾಗಿತ್ತು, ಹೆಮ್ಮೆಯೂ ಆಗಿತ್ತು. "ಆ ಕಿವಿ ನಿಮಿರಿದ್ದು ಹೇಗೆ ಮಾಡಿದೆ?"

"ಒಳಗೊಂದು ಹೇರ್‌ಪಿನ್ನು. ಹೋದ ವರ್ಷವೇ ಕೇಳಿದ್ರೆ ಹೇಳ್ತಿದ್ದೆ."

ಎಂಟು ದಿನಕ್ಕೆ ಮತ್ತೊಂದು ಲಕೋಟೆ ಬಂತು. ಮುಂದಿನ ವರ್ಷದ ತೀರ್ಪುಗಾರರಾಗಬೇಕೆಂಬ ವಿನಂತಿ. ಈ ಸಲ ಹೆಂಡತಿಯ ಹೆಸರಿಗೆ. ಮೇಷ್ಟ್ರ ತಲೆಯೊಳಗಿನ ದೀಪ ಮತ್ತೆ ಹತ್ತಿಕೊಂಡಿತು. ಮುಂದಿನ ವರ್ಷ ಅವರ ಹಾರುವ ಆನೆ ಸ್ಪರ್ಧೆಯಲ್ಲಿರುತ್ತದೆ. ಹೊಲಿಗೆಯನ್ನು ಬೇರೆಯವರ ಕೈಲಿ ಮಾಡಿಸಿದರಾಯಿತು. ಮಂಡಳಿಯಲ್ಲಿ ತನ್ನವಳೇ ಕೂತಿರುತ್ತಾಳೆ! ಆದರೆ ಜೊತೆಗೆ ಅದೇ ಫಾರಂ ಇತ್ತು, ಅದೇ ಕಾಲಂ ಇತ್ತು.

ಮೇಷ್ಟ್ರು ತಾವೇ ಚಹಾ ಮಾಡಿ ತಂದಿಟ್ಟು, ಪಕ್ಕದಲ್ಲಿ ಕೂತರು. "ಅಲ್ವೇ, ಗಂಡನ ಉದ್ಯೋಗ ಅಂತ ಇದೆಯಲ್ಲ, ಅಲ್ಲಿ ‘ಮನೆಯಲ್ಲಿರುತ್ತಾರೆ’ ಅಂತ ಬರೆದುಬಿಡು."

"ಮನೇಲಿರ್ತಾರೆ?"

"ಬೇಕಾದ್ರೆ ‘ಹೆಂಡತಿಗೆ ಸ್ವಲ್ಪ ಹೊಲಿಗೆ ಸಹಾಯ’ ಅಂತ ಸೇರಿಸು. ನಾನೇನೂ ಅಂದ್ಕೊಳ್ಳಲ್ಲ."

"ಛೆ ಛೆ, ನ್ಯಾಯಪೀಠದ ಕಾಗದ. ಸುಳ್ಳು ಬರೀಬಹುದಾ?" ಎಂದ ಆಕೆ ದುಂಡಗಿನ ಅಕ್ಷರಗಳಲ್ಲಿ ನಿಧಾನವಾಗಿ ಬರೆದು ಫಾರಮ್ಮನ್ನು ಅವರತ್ತ ತಿರುಗಿಸಿದರು.

‘ಗಂಡ: ಮಾಯಾಲೋಕದ ಪ್ರಾಣಿಗಳನ್ನು ಸೃಷ್ಟಿಸುವ ಹೆಸರಾಂತ ಕಲಾವಿದರು. ಇಪ್ಪತ್ತಾರು ವರ್ಷಗಳ ಅನುಭವ. ಇವರಂಥವರು ಇನ್ನೊಬ್ಬರಿಲ್ಲ. ಮುಂದಿನ ವರ್ಷದ ಎಲ್ಲ ಮಾಯಾಚಿತ್ರಗಳಲ್ಲೂ ಇವರ ಕೈಕೆಲಸವಿದೆ.’

ತಮ್ಮ ಬಗ್ಗೆ ಯಾರಾದರೂ ಹೀಗೆ ಕಾಗದದ ಮೇಲೆ ಬರೆಯಲೆಂದು ಮೇಷ್ಟ್ರು ಆಯುಷ್ಯವೆಲ್ಲ ಕಾದಿದ್ದರು. ಎರಡು ಸಲ ಓದಿದರು.

"ರೀ," ಎಂದರು ಹೆಂಡತಿ ಲಕೋಟೆ ಅಂಟಿಸುತ್ತ, "ಆ ಹೊರಗಿನ ಕುರ್ಚಿ ಇದೆಯಲ್ಲ, ಅದರ ಯಾವ ಕಾಲು ಕುಂಟು ಅಂದ್ರಿ?"

"ಎಡಗಡೆ ಹಿಂದಿನದು," ಎಂದರು ಮೇಷ್ಟ್ರು.